ಅಂಟಿಸದೆ ಉಳಿದ ತಿದ್ದೋಲೆ

ಸಂಕ್ರಾಂತಿಗೆ ಇನ್ನೆರಡು ದಿನವಿತ್ತು. ಹರಿದ ಗಾಳಿಪಟಗಳಿಗೆಂದು ಮೊಮ್ಮಗಳು ಅಡುಗೆಮನೆಯಲ್ಲಿ ಮೈದಾ ಅಂಟು ಕಾಯಿಸುತ್ತಿದ್ದಳು. ತಳ ಹಿಡಿದ ವಾಸನೆ ನಡುಮನೆಗೆ ಬಂದದ್ದೇ ತಡ, ಕೈಯಲ್ಲಿದ್ದ ಪೇಪರು ಮಡಿಸಿಟ್ಟೆ. ಈ ವಾಸನೆ ನಿಮಗೆ ಹಬ್ಬವನ್ನು ನೆನಪಿಸೀತು. ನನಗೆ ನೆನಪಾಗುವುದು ಸರ್ಕಾರ. ನಗಬೇಡಿ, ಹೇಳುತ್ತೇನೆ.

ಗಚ್ಚಿಬೌಲಿಯ ಕಡೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಸರ್ಕಾರಿ ಪ್ರಕಟಣೆಗಳ ವಿಭಾಗದಲ್ಲಿ, ಬೆರಳಿಗೆ ಅಂಟು ಮೆತ್ತಿಕೊಂಡೇ ಬದುಕಿದವನು ನಾನು. ಹೊರಗೆ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಮದುವೆಮನೆಯಲ್ಲಿ ಯಾರಾದರೂ ಕೆಲಸ ಕೇಳಿದಾಗ ನನ್ನ ಉತ್ತರದಲ್ಲಿ ಕಂಪ್ಯೂಟರ್ ಎಂಬ ಶಬ್ದ ಬರದಿದ್ದರೆ, ಅವರು ನನ್ನ ಎಲೆಗೆ ಜಿಲೇಬಿ ಹಾಕುವುದನ್ನೂ ಮರೆಯುತ್ತಿದ್ದರು.

ವಿಭಾಗದ ಮುಖ್ಯಸ್ಥೆ ಸುಶೀಲಾಬಾಯಿ, ರಾಯಚೂರಿನವರು. ನಾನು ಬಾಲಾನಗರದ ಕಾರ್ಖಾನೆ ನೌಕರನ ಮಗ, ಓದಿದ್ದು ತೆಲುಗು ಶಾಲೆಯಲ್ಲಿ. ನನ್ನ ಕನ್ನಡದಲ್ಲಿ ಅರ್ಧ ಅಜ್ಜಿಯದು, ಉಳಿದರ್ಧ ಈ ಬಾಯಾರದು. ಸರ್ಕಾರಗಳಿಂದ ಪ್ರಕಟಣೆಗಳ ಪಟ್ಟಿ ಬಂದಾಗ ಅವರು ಕೆಂಪು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಬಣ್ಣದ ಹೊದಿಕೆಯ ಸಾಧನೆಯ ಪುಸ್ತಕಗಳನ್ನು ದಾಟಿಸಿಬಿಡುತ್ತಿದ್ದರು. ಬರಗಾಲದ ವರದಿ, ಕೆರೆಗಳ ಪಟ್ಟಿ, ಪಕ್ಕದ ರಾಜ್ಯದ ಗೆಜೆಟ್ಟು, ಇವಕ್ಕೆ ಗುರುತು ಬೀಳುತ್ತಿತ್ತು.

“ಕರ್ನಾಟಕದ ಗೆಜೆಟ್ ಇಲ್ಲಿ ಯಾರು ಓದ್ತಾರ್ರಿ ಬಾಯಾರ?” ಎಂದು ಒಮ್ಮೆ ಕೇಳಿದ್ದೆ.

“ಕಿಡಕ್ಯಾಗ ನೋಡು ತಮ್ಮಾ. ಆ ಊರ ಮಂದಿ ಇಲ್ಲೇ ಇಟ್ಟಂಗಿ ಹೊರಾಕತ್ತಾರ. ಅವರ ಊರು ಇಲ್ಲಿರಬಾರದೇನು?”

ಬಂದ ಕಟ್ಟು ಬಿಚ್ಚಿ ದಾಖಲೆ ಪುಸ್ತಕದಲ್ಲಿ ಬರೆದು, ಮೊದಲ ಪುಟಕ್ಕೊಂದು, ಒಳಗೆ ನಮಗಷ್ಟೇ ಗೊತ್ತಿರುವ ಪುಟಕ್ಕೊಂದು ಮುದ್ರೆ ಒತ್ತಿ, ಬೆನ್ನಿಗೆ ನಂಬರು ಹಚ್ಚಿದರೆ ಉಳಿದ ವಿಭಾಗದವರಿಗೆ ಕೆಲಸ ಮುಗಿಯಿತು. ನಮಗೆ ಮುಗಿಯುತ್ತಿರಲಿಲ್ಲ. ಸರ್ಕಾರ ಮೊದಲು ಬಿಟ್ಟುಬಿಟ್ಟದ್ದನ್ನು ಆಮೇಲೆ ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿ ಕಳಿಸುತ್ತದೆ. ಅದೇ ತಿದ್ದೋಲೆ. ಅದನ್ನು ಸರಿಯಾದ ಸಂಪುಟದ ಸರಿಯಾದ ಪುಟದಲ್ಲಿ ಅಂಟಿಸಬೇಕು. ಬಾಯಾರು ಅದಕ್ಕೆಂದೇ, ಹುಳ ಹತ್ತದಂತೆ ಮೈದಾಕ್ಕೆ ಮೈಲುತುತ್ತ ಹಾಕಿ ಸ್ಟೋವಿನ ಮೇಲೆ ಅಂಟು ಕುದಿಸುತ್ತಿದ್ದರು. ನಾನು ಚೀಟಿಗಳನ್ನು ಒಂದು ಲಕೋಟೆಗೆ ತುರುಕಿ, ಸೋಮವಾರ ಅಂಟಿಸೋಣ ಎನ್ನುತ್ತಿದ್ದೆ. ಸೋಮವಾರಗಳಿಗೇನು ಬರ!

ಒಂದು ವರ್ಷ ಗ್ರಂಥಾಲಯಕ್ಕೆ ಕಂಪ್ಯೂಟರುಗಳಿಗಾಗಿ ಹೊಸ ಕಟ್ಟಡ ಏಳುತ್ತಿತ್ತು. ಚಹಾದ ಅಂಗಡಿಯಲ್ಲಿ ನನ್ನ ಮತ್ತು ಬಾಯಾರ ಕನ್ನಡ ಕೇಳಿ ಆ ಕಟ್ಟಡದ ಒಬ್ಬ ಗೌಂಡಿ ಹತ್ತಿರ ಬಂದ. ಹೆಸರು ಮಲ್ಲಪ್ಪ, ಕೃಷ್ಣಾ ದಂಡೆಯ ಊರಿನವನು.

“ಸಾಹೇಬ್ರ, ಡ್ಯಾಮಿನ ನೀರಾಗ ಮುಳುಗಿದ ಹೊಲದ ಲಿಸ್ಟು ನಿಮ್ಮ ಬುಕ್ಕಿನ್ಯಾಗ ಐತೇನ್ರಿ? ನಮ್ಮಪ್ಪ ನಂದೂ ಹೊಲ ಇತ್ತು, ಸರ್ವೆ ನಂಬರ್ ನೂರಾ ಹದಿನೇಳು ಅಂತಾನ. ಊರಾಗ ಮಂದಿ, ಮುದುಕ ಸುಳ್ಳ ಹೇಳ್ತಾನ, ಹೊಲ ಎಲ್ಲಿಂದ ಬರಬೇಕು, ಮಂದಿ ದನಾ ಕಾಯ್ದಾಂವ ಅಂತ ನಗತಾರ. ನಂಬರ್ ತೋರಿಸಿದ್ರ ಹೊಸ ಊರಾಗ ಮನಿ ಜಾಗ ಕೊಡ್ತಾರಂತ.”

ಮರುದಿನ ನಾನು ಅವನ ಊರು, ಅಪ್ಪನ ಹೆಸರು ಕೇಳಿಕೊಂಡು, ಠೀವಿಯಿಂದ ಗೆಜೆಟ್ಟಿನ ಸಂಪುಟ ತೆಗೆದು ಬೆರಳಿಟ್ಟು ಓದಿದೆ. ನೂರಾ ಹದಿನಾರು. ಅದರ ಕೆಳಗೆ ನೂರಾ ಹದಿನೆಂಟು.

“ಇಲ್ಲಪ್ಪ.”

“ಇನ್ನೊಮ್ಮೆ ನೋಡ್ರಿ.”

“ಅಚ್ಚಾಗಿದ್ದು ಇಷ್ಟೇ. ಸರ್ಕಾರದ ಪುಸ್ತಕ ಸುಳ್ಳು ಹೇಳ್ತದೇನು?”

ಅವನು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ. “ಇರಲಿ ಬಿಡ್ರಿ. ನೋಡಿದಿರಲ್ಲ, ಅಷ್ಟ ಸಾಕು.”

ಎರಡು ತಿಂಗಳ ನಂತರ ನಮ್ಮ ಮೇಜುಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಬೇಕಾಯಿತು. ನನ್ನ ಡ್ರಾಯರ್ ಖಾಲಿ ಮಾಡುವಾಗ ಆ ಲಕೋಟೆ ಬಾಯಾರ ಕೈಗೆ ಸಿಕ್ಕಿತು. ಒಂದೊಂದೇ ಚೀಟಿ ಓದುತ್ತ ಹೋದವರು ಒಂದರ ಹತ್ತಿರ ನಿಂತರು. ‘ನೂರಾ ಹದಿನಾರರ ನಂತರ ಈ ಕೆಳಗಿನದನ್ನು ಸೇರಿಸಿ ಓದಿಕೊಳ್ಳತಕ್ಕದ್ದು.’ ಕೆಳಗೆ ನೂರಾ ಹದಿನೇಳು. ಪಕ್ಕದಲ್ಲಿ ಮಲ್ಲಪ್ಪನ ಅಪ್ಪನ ಹೆಸರು.

ಬಾಯಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸರ್ಕಾರ ತಪ್ಪು ಮಾಡಿತ್ತು, ತಿದ್ದಿಕೊಂಡಿತ್ತು. ನೀ ಅದನ್ನ ಡ್ರಾಯರ್‌ನ್ಯಾಗ ಇಟ್ಟಿ,” ಎಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, “ನಡಿ, ಮಲ್ಲಪ್ಪನ್ನ ಹುಡುಕೋಣು.”

ನಮ್ಮ ಕಟ್ಟಡದ ಕೆಲಸ ಮುಗಿಸಿ ಅವನು ಬೇರೆಡೆ ಹೋಗಿದ್ದ. ಚೀಟಿಯ ಜೆರಾಕ್ಸ್ ಹಿಡಿದು ಗಚ್ಚಿಬೌಲಿಯ ಧೂಳಿನಲ್ಲಿ ಒಂದೊಂದೇ ಕಟ್ಟಡದ ಬುಡದಲ್ಲಿ ನಿಂತು ಕೇಳಿದೆವು. ಅರವತ್ತರ ಹತ್ತಿರದ ಬಾಯಾರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ, ನಾನು ಹಿಂದೆ. ನಾಲ್ಕನೆಯ ಕಟ್ಟಡದ ಸಾರುವೆಯಿಂದ ಮಲ್ಲಪ್ಪ ಇಳಿದುಬಂದ. ಅವನಿಗೆ ಓದಲು ಬಾರದು. ಯಾವುದು ಎಂದು ಕೇಳಿ, ನಾನು ತೋರಿಸಿದ ಕಡೆ ಸಿಮೆಂಟು ಮೆತ್ತಿದ ಬೆರಳಿಟ್ಟ.

“ಅಂದ್ರ ನಮ್ಮಪ್ಪ ಅಂದದ್ದು ಖರೇನರಿ?”

“ಖರೇ.”

“ಇಲ್ಲಂತ ಅವತ್ತ ಫೋನ್ ಮಾಡಿ ಹೇಳಿಬಿಟ್ಟಿದ್ನಿ. ಇನ್ನೊಮ್ಮೆ ನೋಡಂತ ಹೇಳು ಅಂದಿದ್ದ ಅಪ್ಪ. ನಿಮಗ್ಯಾಕ ತ್ರಾಸು ಕೊಡೋದಂತ ನಾನ ಬರಲಿಲ್ಲ.” ಹಾಳೆಯನ್ನು ಜೋಪಾನವಾಗಿ ಮಡಿಸಿದ. “ಅವ ಹೋಗಿ ಹದಿನೈದು ದಿನ ಆತ್ರಿ.”

ಮಲ್ಲಪ್ಪನೇ ನನ್ನನ್ನು ಸಂತೈಸಿದ. “ಮಂದಿ ಮುಂದ ಓದಿಸ್ತೀನಿ ಬಿಡ್ರಿ. ನಗೋರು ಇನ್ನೂ ಅದಾರಲ್ಲ.”

ಅಂದು ಸಂಜೆ ಬಾಯಾರು ಸ್ಟೋವು ಹಚ್ಚಿದರು. ಲಕೋಟೆ ಖಾಲಿಯಾಗುವ ತನಕ ನಾನು ಏಳಲಿಲ್ಲ. ಆ ಸಂಪುಟ ಈಗ ಎಲ್ಲಿದೆಯೋ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದಾರಂತೆ. ಏರಿಸುವಾಗ ಆ ಚೀಟಿಯೂ ಪುಟದ ಜೊತೆಗೇ ಹೋಗಿರಬೇಕು. ಗಟ್ಟಿಯಾಗಿಯೇ ಅಂಟಿಸಿದ್ದೆ.

“ತಾತಾ, ಇದು ಸ್ವಲ್ಪೇ ಹರದೈತಿ. ಇದನ್ನ ನಾಳೆ ಅಂಟಿಸ್ತೀನಿ,” ಎಂದು ಮೊಮ್ಮಗಳು ಒಂದು ಪಟವನ್ನು ಬದಿಗಿಟ್ಟಳು.

“ಇಲ್ಲಿ ತಾ ಅವ್ವಾ,” ಎಂದೆ.

ಬೆರಳಿಗೆ ಬಿಸಿ ಅಂಟು ತಗೊಂಡು, ಸೀಳಿದ ಜಾಗಕ್ಕೆ ಚೀಟಿಯಷ್ಟು ಕಾಗದ ಕೂರಿಸಿದೆ. ಅದು ಒಣಗುವ ತನಕ ಬೆರಳು ಎತ್ತಲಿಲ್ಲ.