ಮುರಿಯದ ತುಂಡು
ಪಕ್ಕದ ಮನೆಯ ಬಡಗಿ ಹನ್ನೊಂದು ವರ್ಷ ಹಿಡಿದು, ಒಬ್ಬರೇ ಕೂರುವಂಥ ಪುಟ್ಟ ಮರದ ವಿಮಾನವನ್ನು ನಡುಮನೆಯಲ್ಲೇ ಕಟ್ಟಿದ್ದಾರೆ. ಊಟದ ಮೇಜು ರೆಕ್ಕೆಯ ಕೆಳಗಿದೆ. ಬಂದ ನೆಂಟರು ತಲೆ ಬಗ್ಗಿಸಿಯೇ ಉಣ್ಣಬೇಕು. ಒಂದೊಂದು ಮೊಳೆಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದವರು, ಭಾರ ಹೆಚ್ಚಾದೀತೆಂದು ತಾವೂ ಎರಡು ತುತ್ತು ಕಡಿಮೆ ಉಣ್ಣುತ್ತಾರೆ. ಹಾರೋದು ಯಾವಾಗ ಎಂದು ಯಾರು ಕೇಳಿದರೂ "ಅಂಟು ಒಣಗಲಿ" ಎಂಬ ಒಂದೇ ಉತ್ತರ. ಅಂಟಿನ ವಿಷಯದಲ್ಲಿ ಅವರು ತಮ್ಮ ಕೈಯನ್ನೇ ನಂಬುವವರಲ್ಲ. ಅಂಟು ಕಲಸಿದಾಗಲೆಲ್ಲ ಅದರಿಂದಲೇ ಎರಡು ಚೂರು ಮರ ಕೂಡಿಸಿಟ್ಟು, ಮಾರನೆಯ ದಿನ ಸುತ್ತಿಗೆಯಿಂದ ಮುರಿದು ನೋಡುತ್ತಾರೆ. ಮುರಿದಾಗ ಮರವೇ ಸೀಳಬೇಕು, ಅಂಟು ಬಿಡಬಾರದು. ಬಿಟ್ಟರೆ ಆ ದಿನದ ಕೆಲಸವನ್ನೆಲ್ಲ ಕಿತ್ತುಹಾಕುತ್ತಾರೆ. "ಕೆಲಸ ಮುಗಿದು ಎರಡು ವರ್ಷ ಆಯ್ತಲ್ಲ, ಇನ್ಯಾವ ಅಂಟು?" ಎಂದು ಮೊನ್ನೆ ನಾನು ಕೇಳಿಯೇಬಿಟ್ಟೆ. ಅವರು ಗೋಡೆಯ ಗೂಡಿನಿಂದ ಮುರಿಯದ ಒಂದು ತುಂಡನ್ನು ತೆಗೆದು ತೋರಿಸಿದರು. ಕೊನೆಯ ರೆಕ್ಕೆ ಕೂಡಿಸಿದ ದಿನದ್ದು. ಅದರ ಮಾರನೆಯ ದಿನವೇ ಅವರ ಹೆಂಡತಿ ತೀರಿಕೊಂಡಿದ್ದರು. ಒಣಗಿದ ಅಂಟಿನಲ್ಲಿ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು. "ನಂಗೆ ಸೀಟೇ ಇಲ್ದಿರೋ ವಿಮಾನಕ್ಕೆ ನಾನ್ಯಾಕೆ ಕೈ ಹಾಕ್ಲಿ ಅಂತ ಬೈತಾ ಬೈತಾನೇ ಇದನ್ನ ಒತ್ತಿ ಹಿಡ್ಕೊಂಡಿದ್ಲು," ಎಂದರು. ಆಮೇಲೆ ಪಂಚೆಯ ತುದಿಯಿಂದ ಧೂಳು ಒರೆಸಿ, "ಇದನ್ನ ಮುರಿದು ನೋಡದೆ ಹಾರೋ ಹಾಗಿಲ್ಲ," ಎನ್ನುತ್ತಾ ಅದನ್ನು ಮತ್ತೆ ಗೂಡಿನಲ್ಲೇ ಇಟ್ಟರು.