ಪಟ್ಟದ ರಾಜ ಸಿನಿಮಾಕ್ಕೆ ಹೋದದ್ದು

ನಮ್ಮ ಭಾವನಿಗೆ ವರ್ಷಕ್ಕೊಂದು ಯೋಜನೆ ಬೇಕು. ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ ದಿನವಿಡೀ ಸಹಿ ಹಾಕಿ, ಸಂಜೆ ಕಲೂರಿನ ಮನೆಗೆ ಬಂದು ಕಾಫಿ ಲೋಟ ಹಿಡಿದರೆಂದರೆ ಅಕ್ಕನ ತಲೆ ತಿನ್ನಲು ಶುರು. ಬಚ್ಚಲಲ್ಲಿ ಅಣಬೆ ಬೆಳೆಸಿದ್ದಾಯಿತು, ಬಾಲ್ಕನಿಯಲ್ಲಿ ಮೊಲ ಸಾಕಿದ್ದಾಯಿತು. ಆ ವರ್ಷ ಸಿನಿಮಾ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ವಿದೇಶದ ಆಟಿಕೆ ಕಂಪನಿಗಳು ತಮ್ಮ ಗೊಂಬೆಗಳನ್ನೇ ನಾಯಕರನ್ನಾಗಿ ಮಾಡಿ ಸಿನಿಮಾ ತೆಗೆಯುತ್ತಿವೆ ಎಂದು ಭಾವ ಎಲ್ಲೋ ಓದಿದ್ದರು. ಓದಿ ಸುಮ್ಮನಿರಬಾರದೆ? ಗೊಂಬೆಗೊಂದು ಸಿನಿಮಾ ಯಾಕೆ, ಎಲ್ಲ ಗೊಂಬೆಗಳೂ ಒಂದೇ ಲೋಕದಲ್ಲಿ ಬದುಕಲಿ, ಇವನ ಕಥೆಯಲ್ಲಿ ಅವಳು ಬರಲಿ, ಅವಳ ಕಥೆಯಲ್ಲಿ ಇವನು ಬರಲಿ ಎಂದರು. ಈ ಜ್ಞಾನೋದಯ ಆದದ್ದು ಅಕ್ಕ ನವರಾತ್ರಿಗೆಂದು ಗೊಂಬೆ ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದಾಗ.

ನಾವು ಮೈಸೂರಿನವರು. ಕೊಚ್ಚಿಗೆ ಬಂದರೂ ಗೊಂಬೆ ಕೂರಿಸುವುದನ್ನು ಅಕ್ಕ ಬಿಟ್ಟಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ಕೆಳಗೆ ದೇವರುಗಳು, ಅದರ ಕೆಳಗೆ ಅಕ್ಕಿ ಬೇಳೆ ಇಟ್ಟುಕೊಂಡು ಕೂತ ಶೆಟ್ಟಿ ದಂಪತಿ, ಕೊನೆಯಲ್ಲಿ ಅಕ್ಕನ ಮಗಳ ಪ್ಲಾಸ್ಟಿಕ್ ಹುಡುಗಿ, ಕಾರು, ರೋಬೋಟುಗಳು. ಭಾವ ಈ ಮೆಟ್ಟಿಲುಗಳನ್ನೇ ಕಥೆ ಮಾಡಿದರು. ರಾಜ ವಿಳಿಂಜಂ ಬಂದರಿನಲ್ಲಿ ದೋಣಿಯಿಂದ ಇಳಿಯುತ್ತಾನೆ. ಮೀನುದೋಣಿಗಳೆಲ್ಲ ಎದ್ದು ನಿಂತು ರೋಬೋಟುಗಳಾಗುತ್ತವೆ. ಹೊಂಬಣ್ಣದ ಕೂದಲಿನ ಪ್ಲಾಸ್ಟಿಕ್ ಹುಡುಗಿ ಶತ್ರುಗಳ ಕಡೆಯ ವಿಜ್ಞಾನಿ. ಎಲ್ಲರೂ ಸೇರುವ ಜಾಗ ಕಲೂರು ಬಸ್ ಸ್ಟ್ಯಾಂಡಿನ ಎದುರಿನ ಶೆಟ್ಟಿ ಅಂಗಡಿ. ಊರು ಹೊತ್ತಿ ಉರಿಯುತ್ತಿದ್ದರೂ ಶೆಟ್ಟಿ ತೊಗರಿಬೇಳೆ ತೂಗುತ್ತಲೇ ಇರುತ್ತಾನೆ. ನಿಜ ಹೇಳಬೇಕೆಂದರೆ ಇಡೀ ಕಥೆಯಲ್ಲಿ ನನಗೆ ಹಿಡಿಸಿದ್ದು ಶೆಟ್ಟಿ ಒಬ್ಬನೇ. ಮಗಳು ಪೂರ್ತಿ ಕೇಳಿ, ಅಪ್ಪನಿಗೆ ತಲೆ ಕೆಟ್ಟಿದೆ ಎಂದು ಮಲಯಾಳದಲ್ಲಿ ಹೇಳಿ, ಟ್ಯೂಷನ್ನಿಗೆ ಹೋದಳು.

ಬ್ಯಾಂಕಿನ ಗಿರಾಕಿಯೊಬ್ಬರ ಕೈಕಾಲು ಹಿಡಿದು ಭಾವ ತಿರುವನಂತಪುರದ ಒಬ್ಬ ನಿರ್ಮಾಪಕನ ಭೇಟಿ ಗಿಟ್ಟಿಸಿದರು. ನಾನು ಆಗ ಅಲ್ಲೇ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದೆ. ರೈಲಿಳಿದು ನನ್ನ ಮನೆಗೆ ಬಂದವರು ಚೀಲದಿಂದ ಟವೆಲ್ ಸುತ್ತಿದ ಗಂಟು ತೆಗೆದರು. ಬಿಚ್ಚಿದರೆ ಪಟ್ಟದ ರಾಜ! ಒಬ್ಬನೇ!

ಪಟ್ಟದ ಗೊಂಬೆಯನ್ನು ತವರಿನವರು ಮದುವೆಯಲ್ಲಿ ಜೋಡಿಯಾಗಿ ಕೊಡುತ್ತಾರೆ, ಜೋಡಿ ಅಗಲಿಸುವುದಿಲ್ಲ. ಪೆಟ್ಟಿಗೆಯೊಳಗೂ ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಈ ಜೋಡಿಯನ್ನು ಅಮ್ಮ ಕೊಟ್ಟದ್ದು. ಅಕ್ಕನ ಮದುವೆಯಾದ ಮುಂದಿನ ವರ್ಷವೇ ಅಮ್ಮ ತೀರಿಕೊಂಡಳು. ಅವಳ ಕೈಯಿಂದ ಬಂದದ್ದೆಂದು ಅಕ್ಕನ ಹತ್ತಿರ ಉಳಿದಿದ್ದು ಇಷ್ಟೇ.

ರಾಣಿ ಎಲ್ಲಿ ಎಂದೆ.

"ರಾಣಿ ಎರಡನೇ ಭಾಗದಲ್ಲಿ ಬರ್ತಾಳಮ್ಮ," ಎಂದರು ಭಾವ. "ಈಗಲೇ ತೋರಿಸಿದ್ರೆ ಸಸ್ಪೆನ್ಸ್ ಹೋಗ್ಬಿಡುತ್ತೆ."

ಅಕ್ಕನಿಗೆ ಹೇಳಿದ್ದೀರಾ ಎಂದರೆ, ಹೊರಡುವಾಗ ಅವಳು ಸ್ನಾನಕ್ಕೆ ಹೋಗಿದ್ದಳಂತೆ.

ನಾನೂ ಜೊತೆಗೆ ಹೋದೆ. ನಿರ್ಮಾಪಕ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಕಥೆ ಕೇಳಿದ. ಈ ಗೊಂಬೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಿದ. ಅಂಗಡಿಯದಲ್ಲ, ಹೆಣ್ಣಿನ ಮನೆಯಿಂದ ಬರುವುದು ಎಂದರು ಭಾವ. ಹಾಗಾದರೆ ಸಿನಿಮಾ ನೋಡಿದ ಮಕ್ಕಳು ಏನು ಕೊಳ್ಳಬೇಕು, ಮದುವೆಯಾಗುವ ತನಕ ಕಾಯಬೇಕೆ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಗೊಂಬೆ ಸ್ವಲ್ಪ ದಿನ ಇಲ್ಲೇ ಇರಲಿ, ನಮ್ಮ ಕಲಾವಿದ ಕೊಂಚ ಮಾಡರ್ನ್ ಮಾಡುತ್ತಾನೆ ಎಂದ. ನಾನು ಬೇಡ ಎನ್ನುವಷ್ಟರಲ್ಲಿ ಭಾವ ರಾಜನನ್ನು ಮೇಜಿನ ಮೇಲಿಟ್ಟು ಕೈಮುಗಿದಾಗಿತ್ತು.

ಸಂಜೆ ಅಕ್ಕನ ಫೋನು ಬಂತು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಹಬ್ಬಕ್ಕೆ ಮುಂಚೆ ಅಮ್ಮನ ಗೊಂಬೆ ಮನೇಲಿರಬೇಕು ಕಣೆ," ಎಂದಳು, ಅಷ್ಟೇ.

ಕಚೇರಿ ಮುಗಿಸಿ ನಿರ್ಮಾಪಕನ ಆಫೀಸಿಗೆ ಎಡತಾಕಿದ್ದೇ ಎಡತಾಕಿದ್ದು. ಒಂದು ದಿನ ಸಾರ್ ಇಲ್ಲ, ಇನ್ನೊಂದು ದಿನ ಬೀಗದ ಕೈ ಇಲ್ಲ. ಹಬ್ಬದ ಹಿಂದಿನ ದಿನ ಕೊನೆಗೂ ರಾಜನನ್ನು ತಂದು ಕೊಟ್ಟರು. ಜರಿ ಪೇಟ ಕಿತ್ತು, ಆ ಜಾಗದಲ್ಲಿ ಬೂದುಬಣ್ಣದ ಪ್ಲಾಸ್ಟಿಕ್ ಹೆಲ್ಮೆಟ್ ಅಂಟಿಸಿದ್ದರು. ಕತ್ತಿ ಹಿಡಿಯುವ ಕೈಗೆ ಬೆಳ್ಳಿಬಣ್ಣ. ಚೆನ್ನಾಗಿದೆಯಲ್ಲ ಎಂದ ನಿರ್ಮಾಪಕ, ಆದರೂ ಈ ರಾಜನಿಗೆ ಮಾರ್ಕೆಟ್ ಇಲ್ಲ, ಸಿನಿಮಾ ಆಗುವುದಿಲ್ಲ ಎಂದೂ ಸೇರಿಸಿದ. ನನಗೆ ಬರುತ್ತಿದ್ದ ಮಲಯಾಳ ಎರಡೇ ವಾಕ್ಯದಲ್ಲಿ ಮುಗಿಯಿತು, ಮಿಕ್ಕದ್ದನ್ನು ಮೈಸೂರು ಕನ್ನಡದಲ್ಲಿ ಬೈದೆ. ಅವನಿಗೆ ಎಲ್ಲ ಅರ್ಥವಾಯಿತು.

ಅಲ್ಲಿಂದಲೇ ರೈಲು ಹತ್ತಿ ಕೊಚ್ಚಿಗೆ ಹೋದೆ. ಅಕ್ಕ ರಾಜನನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಹೆಲ್ಮೆಟ್ ಕೀಳಲು ನೋಡಿದರೆ ಅಂಟಿನ ಜೊತೆ ಮರದ ಚಕ್ಕೆಯೂ ಏಳುತ್ತಿತ್ತು, ಬಿಟ್ಟಳು. ಹೆಲ್ಮೆಟ್ ಗಟ್ಟಿಮುಟ್ಟಾಗಿದೆ ಎಂದು ಭಾವ ಬಾಯಿಬಿಟ್ಟರು. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡರು.

ಮರುದಿನ ಅಕ್ಕ ಗೊಂಬೆ ಕೂರಿಸಿದಳು. ಮೇಲಿನ ಮೆಟ್ಟಿಲ ನಡುವೆ ರಾಣಿ ಒಬ್ಬಳೇ. ರಾಜ ಕಟ್ಟಕಡೆಯ ಮೆಟ್ಟಿಲಲ್ಲಿ, ರೋಬೋಟುಗಳ ಪಕ್ಕ. ಕುಂಕುಮಕ್ಕೆ ಬಂದ ಕನ್ನಡದ ಹೆಂಗಸರೆಲ್ಲ ಇದೇನ್ರೀ ಎಂದು ಹುಬ್ಬೇರಿಸಿದರು.

"ಅವರು ಎರಡನೇ ಭಾಗದಲ್ಲಿ ಮೇಲೆ ಬರ್ತಾರೆ," ಎನ್ನುತ್ತಿದ್ದಳು ಅಕ್ಕ. "ಕಥೆ ಬೇಕಿದ್ರೆ ನಮ್ಮನೆಯವರನ್ನ ಕೇಳಿ."

ಉಸಲಿ ಹಂಚಲು ನಿಂತಿದ್ದ ಭಾವ ಅಡುಗೆಮನೆಗೆ ಓಡುತ್ತಿದ್ದರು. ನವರಾತ್ರಿ ಮುಗಿಯುವವರೆಗೂ ಇದೇ ನಡೆಯಿತು. ನನಗಂತೂ ಹೊಟ್ಟೆ ತಣ್ಣಗಾಯಿತು.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ರಾಜ ರಾಣಿಯರನ್ನು ಮಲಗಿಸುವುದು ಪದ್ಧತಿ. ಅಕ್ಕ ರಾಣಿಯನ್ನು ಮಲಗಿಸಿದಳು. ಯಾರೂ ಹೇಳದೆ ಭಾವನೇ ಬಗ್ಗಿ ಕೆಳಗಿನಿಂದ ರಾಜನನ್ನು ಎತ್ತಿ ತಂದು ಪಕ್ಕದಲ್ಲಿಟ್ಟರು. ಹೆಲ್ಮೆಟ್ ಅಡ್ಡ ಬಂದು ತಲೆ ನೆಟ್ಟಗೆ ಕೂರಲಿಲ್ಲ. ಜೋಡಿಯನ್ನು ಸುತ್ತಿಡುವ ಬಟ್ಟೆಯನ್ನು ಅಕ್ಕ ಮಡಿಸಿ ಅವನ ಕುತ್ತಿಗೆಯ ಕೆಳಗೆ ಇಟ್ಟಳು. ಅದು ಅಮ್ಮನ ಸೀರೆಯ ತುಂಡು.

"ಮುಂದಿನ ವರ್ಷ ಮೇಲೆ ಕೂರಿಸ್ತೀಯಾ?" ಎಂದು ಭಾವ ಮೆಲ್ಲಗೆ ಕೇಳಿದರು.

"ರಾಜನನ್ನ ಕೂರಿಸ್ತೀನಿ," ಎಂದಳು ಅಕ್ಕ. "ನಿಮ್ಮ ವಿಷಯ ಆಮೇಲೆ ನೋಡೋಣ."