ಮೂರನೇ ಮಂಟಪ

ಅಚ್ಚಾದ ಪುಸ್ತಕಗಳನ್ನು ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಕೇಳಿ ಓದುವಂತೆ ಮಾಡಿಕೊಡುವುದು ನನ್ನ ಕೆಲಸ. ಹೊಸಪೇಟೆಯ ಮನೆಯಲ್ಲೇ ಕೂತು ಪುಟಗಳನ್ನು ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಚಿತ್ರ ಬಂದಲ್ಲಿ ಅದರಲ್ಲೇನಿದೆ ಎಂದು ಎರಡು ಸಾಲು ಬರೆಯುತ್ತೇನೆ. ಕೊನೆಗೆ ಪರದೆ ಆರಿಸಿ, ಕಣ್ಣು ಮುಚ್ಚಿ, ಯಂತ್ರ ಓದುವುದನ್ನು ಪೂರ್ತಿ ಕೇಳುತ್ತೇನೆ. ಆ ದನಿಗೆ ಉಸಿರಿಲ್ಲ. ಮಟಮಟ ಮಧ್ಯಾಹ್ನ ಒಬ್ಬಳೇ ಇದ್ದಾಗ ಅದನ್ನು ಕೇಳಲು ನನಗೆ ಈಗಲೂ ಭಯ.

ಹಂಪಿ ಬಜಾರಿನ ಹಳೆಯ ಫೋಟೋಗಳ ಪುಸ್ತಕವೊಂದನ್ನು ಕಂಪ್ಲಿಯ ಸಂಗೀತದ ಟೀಚರೊಬ್ಬರಿಗೆ ಮಾಡಿಕೊಟ್ಟಿದ್ದೆ. ಹುಟ್ಟಿನಿಂದಲೇ ಅವರಿಗೆ ಕಣ್ಣಿಲ್ಲ. ಮರುದಿನ ಮಧ್ಯಾಹ್ನವೇ ಫೋನು ಬಂತು.

“ತಂಗಿ, ಸಾಲು ಮಂಟಪದ ಚಿತ್ರಕ್ಕ ಜನರಿಲ್ಲ ಅಂತ ಬರದೀಯಲ್ಲ, ಇನ್ನೊಮ್ಮೆ ನೋಡವ್ವಾ. ಆಗ ಮಂದಿ ಆ ಮಂಟಪದಾಗ ಸಂಸಾರ ಮಾಡ್ತಿದ್ರು, ಎಡಗಡೆಯಿಂದ ಮೂರನೇದ್ರಾಗ ನಮ್ಮ ಮನಿ ಇತ್ತು. ನಾನು ಕೂಸಿದ್ದಾಗ, ನನ್ನ ತೊಡಿಮ್ಯಾಗ ಹಾಕ್ಕೊಂಡು ಕುಂತಿದ್ದ ಫೋಟೋ ಬುಕ್ಕಿನ್ಯಾಗ ಬಂದೈತಿ ಅಂತ ಅವ್ವ ಸಾಯೋತನಕ ಹೇಳ್ತಿದ್ಲು. ಆಕಿದು ಬ್ಯಾರೆ ಫೋಟೋನ ಇಲ್ಲ.”

“ನೋಡೇ ಬರದೀನಿ ಅಕ್ಕಾ, ಯಾರೂ ಇಲ್ರಿ,” ಎಂದೆ, ಸಿಡುಕಿನಿಂದಲೇ. ಕಣ್ಣಿದ್ದವಳೆಂಬ ಸೊಕ್ಕು, ಬೇರೇನು? ನಿಜ ಹೇಳಬೇಕೆಂದರೆ ನಾನು ನೋಡೇ ಇರಲಿಲ್ಲ. ಕಲ್ಲುಕಂಬ ಕಂಡಲ್ಲೆಲ್ಲ ಹಿಂದಿನ ಪುಟದ ಸಾಲನ್ನೇ ತಂದು ಅಂಟಿಸಿದ್ದೆ: ಕಲ್ಲಿನ ಮಂಟಪಗಳು, ಜನರಿಲ್ಲ.

ನಾಚಿಕೆಯಾಗಿ, ಫೋನು ಕಿವಿಗಿಟ್ಟುಕೊಂಡೇ ಆ ಚಿತ್ರ ತೆರೆದೆ. ಮೂರನೇ ಮಂಟಪವನ್ನು ಹಿಗ್ಗಿಸಿದರೆ ಕತ್ತಲು, ಅದರ ನಡುವೆ ಬಿಸಿಲಿನ ಒಂದು ಬಿಳಿ ಮಚ್ಚೆ. ಬೆಳಕು ಏರಿಸುತ್ತ ಹೋದೆ. ಕಂಬದ ಪಕ್ಕ ಒಂದು ಕೈ ಮೂಡಿತು. ಬಳೆ ತೊಟ್ಟ ಕೈ. ಮೊಣಕೈಯಿಂದಾಚೆ ಏನೂ ಇಲ್ಲ. ಅಯ್ಯೋ ಶಿವನೇ! ಅಷ್ಟರಲ್ಲಿ ಬೆರಳು ಎಲ್ಲಿ ತಾಗಿತೋ, ಯಂತ್ರ ತನ್ನ ಪಾಡಿಗೆ ಓದಿತು: “ಜನರಿಲ್ಲ.”

“ಅವ್ವ ಅದಾಳೇನು?” ಟೀಚರು ಕೇಳಿದರು. ಕೈಯ ಕೆಳಗಿನ ಆ ಬಿಳಿ ಮಚ್ಚೆ ಒಂದು ಕೂಸು ಎಂದು ಆಗ ತಿಳಿಯಿತು.

“ಅದಾರ್ರಿ ಅಕ್ಕಾ. ತಪ್ಪು ನಂದು. ಮುಖ ಕತ್ತಲಾಗ ಮುಚ್ಚೈತಿ, ಕೈಯಷ್ಟ ಕಾಣತೈತಿ. ಅದರ ಕೆಳಗ ನೀವದೀರಿ.”

“ಕೈ ಏನ್ ಮಾಡಾಕತ್ತೈತಿ?”

ಮತ್ತೆ ನೋಡಿದೆ. ಕಂಬಗಳ ನಡುವೆ ತೂರಿದ ಬಿಸಿಲು ಕೂಸಿನ ಮೈಮೇಲೆ ಬಿದ್ದಿತ್ತು. ಕಣ್ಣುಗಳ ಮೇಲೆ ಮಾತ್ರ ಅಂಗೈಯ ನೆರಳು.

“ನಿಮ್ಮ ಕಣ್ಣಿಗೆ ಬಿಸಿಲು ಹೊಡೀಬಾರದಂತ ಅಡ್ಡ ಹಿಡದಾರ್ರಿ.”

ಆ ಕಡೆಯಿಂದ ಅವರ ಉಸಿರು ಕೇಳಿತು.

“ಹಂಗಾರ,” ಎಂದರು, “ನನಗ ಕಣ್ಣಿಲ್ಲಂತ ಅವತ್ತಿಗೆ ಅವ್ವಗ ಇನ್ನಾ ಗೊತ್ತಿದ್ದಿಲ್ಲ.”